ನಾನು ರಿಪೀಟರ್, ತಂಗಿ ಫ್ರೆಶರ್: 2022ರ ಸಿಇಟಿ ನಮ್ಮ ಮನೆಯಲ್ಲಿ

ಒಂದು ಸಲ ಬರೆದ ಪರೀಕ್ಷೆಯನ್ನೇ ಮತ್ತೆ ಬರೆದು, ಮೊದಲ ಸಲ ಬರೆಯುತ್ತಿರುವವರ ಜೊತೆ ಸೀಟಿಗೆ ನಿಲ್ಲೋದು ಸರೀನಾ? ಬೇರೆಯವರಿಗೆ ಇದು ಸುಮ್ನೆ ಚರ್ಚೆಯ ವಿಷಯ ಇರಬಹುದು. ನಮ್ಮ ಮನೆಯಲ್ಲಿ ಮಾತ್ರ 2022ರ ಮಳೆಗಾಲ ಪೂರ್ತಿ ಇದೇ ಜಗಳ. ಆ ವರ್ಷ ಇಂಜಿನಿಯರಿಂಗ್ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೆ ನಾನು ರಿಪೀಟರ್, ಚಿಕ್ಕಪ್ಪನ ಮಗಳು ಫ್ರೆಶರ್. ಮಂಡ್ಯ ತಾಲ್ಲೂಕಿನ ಹಳ್ಳಿ, ಒಂದೇ ಹಟ್ಟಿ, ಎರಡು ಒಲೆ. ಈ ಕಡೆ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಆ ಕಡೆಗೆ ಕೇಳಿಸುತ್ತೆ.

ನಮ್ಮದು ಕೊರೊನಾ ಬ್ಯಾಚ್. ಫಸ್ಟ್ ಪಿಯು ಪರೀಕ್ಷೆ ಮುಗಿಸಿ ಮನೆಗೆ ಬಂದವರು ಮತ್ತೆ ಕಾಲೇಜು ನೋಡಿದ್ದು 2021ರ ಜನವರಿಯಲ್ಲಿ. ಏಪ್ರಿಲ್ ಹೊತ್ತಿಗೆ ಮತ್ತೆ ಬೀಗ. ಉಳಿದಿದ್ದೆಲ್ಲ ಮೊಬೈಲಿನಲ್ಲೇ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ತಾರಸಿ ಮೇಲೆ, ಅದೂ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಫಿಸಿಕ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಅರ್ಧ ಸಮೀಕರಣ ಬಂದು ನಿಲ್ಲುತ್ತಿತ್ತು, ಮತ್ತೆ ಚಿತ್ರ ಬರುವಷ್ಟರಲ್ಲಿ ಅವರು ಬೋರ್ಡ್ ಒರೆಸಿ ಮುಂದಕ್ಕೆ ಹೋಗಿರುತ್ತಿದ್ದರು. ಕೊನೆಗೆ ಸೆಕೆಂಡ್ ಪಿಯು ಪರೀಕ್ಷೆಯೇ ರದ್ದಾಯಿತು. ಎಸ್‌ಎಸ್‌ಎಲ್‌ಸಿಯಿಂದ ಶೇ 45, ಫಸ್ಟ್ ಪಿಯುನಿಂದ ಶೇ 45, ಆಂತರಿಕ ಮೌಲ್ಯಮಾಪನದಿಂದ ಶೇ 10, ಇಷ್ಟು ಸೇರಿಸಿ ಮಾರ್ಕ್ಸ್ ಕೊಟ್ಟರು. ಎಲ್ಲರೂ ಪಾಸ್. ರಾಜ್ಯದಲ್ಲಿ 2,239 ಮಕ್ಕಳಿಗೆ 600ಕ್ಕೆ 600. ಆ ಮಾರ್ಕ್ಸ್ ಬೇಡ ಅನ್ನುವವರು ಪರೀಕ್ಷೆ ಬರೆಯಬಹುದಿತ್ತು, ಆದ್ರೆ ಕೈಗೆ ಬಂದಿದ್ದನ್ನ ಬಿಟ್ಟು ಯಾರು ಬರೀತಾರೆ ಹೇಳಿ. ನನಗೆ ಪಿಸಿಎಂ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಮೂರೂ ಸೇರಿ 300ಕ್ಕೆ 282 ಬಂತು. ಅದರಲ್ಲಿ ಸೆಕೆಂಡ್ ಪಿಯು ಓದಿಗೆ ಸಿಕ್ಕಿದ್ದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆಗಸ್ಟ್ ಕೊನೆಗೆ ಸಿಇಟಿ. ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯಲ್ಲ. ಮಾಮೂಲಿ ವರ್ಷಗಳಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಮಾರ್ಕ್ಸ್ ಅರ್ಧ, ಸಿಇಟಿ ಮಾರ್ಕ್ಸ್ ಅರ್ಧ. ಪಿಯು ಪರೀಕ್ಷೆಯೇ ನಡೆದಿಲ್ಲವಲ್ಲ ಅಂತ 2021ರಲ್ಲಿ ಸಿಇಟಿ ಮಾರ್ಕ್ಸ್ ಒಂದನ್ನೇ ಹಿಡಿದರು. ಅದು ಸರಿಯಾಗೇ ಇತ್ತು, ಎಲ್ಲರಿಗೂ ಒಂದೇ ಅಳತೆ. ಮಾಸ್ಕ್ ಹಾಕಿಕೊಂಡು ಕೂತರೆ ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು, ಓಎಂಆರ್ ಹಾಳೆಯ ಸುತ್ತು ಕಾಣುತ್ತಿರಲಿಲ್ಲ, ಅದು ಬೇರೆ ಮಾತು. ಮ್ಯಾಥ್ಸ್‌ನಲ್ಲಿ ಇಂಟಿಗ್ರೇಷನ್ ಬಂದ ಕಡೆಯೆಲ್ಲ ಬಿ, ಬಿ, ಬಿ ಅಂತ ತುಂಬಿ ಎದ್ದು ಬಂದೆ. ಬಂದ ರ‍್ಯಾಂಕ್ ಊರಲ್ಲಿ ಹೇಳಿಕೊಳ್ಳುವ ಹಾಗಿರಲಿಲ್ಲ.

ಮತ್ತೆ ಬರೆಯೋದು ಅಂತ ತೀರ್ಮಾನ ಮಾಡಿದ್ದು ಅಪ್ಪ. 'ಒಂದು ವರ್ಸ ತಾನೆ ಕಣ್ಲಾ ಮಗ, ಹೋದ್ರೆ ಹೋಗ್ಲಿ ಬುಡು' ಅಂದರು. ಆ ವರ್ಷದ ಒಂದು ಎಕರೆ ಕಬ್ಬಿನ ಬಿಲ್ಲು ನನ್ನ ಕೋಚಿಂಗಿಗೂ ರೂಮಿಗೂ ಹೋಯಿತು. ಅದೂ ಬಿಲ್ಲು ತಡವಾಗಿ ಬಂದಿದ್ದರಿಂದ ಮೊದಲ ಕಂತಿಗೆ ಸೊಸೈಟಿಯಲ್ಲಿ ಸಾಲ.

ಮೈಸೂರಿನ ಸರಸ್ವತಿಪುರಂ ಕಡೆ ರೂಮು, ಅಲ್ಲೇ ಹತ್ತಿರ ಲಾಂಗ್ ಟರ್ಮ್ ಕ್ಲಾಸು. ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಮೆಡಿಕಲ್ ಸೀಟಿಗೆ ಬರೆಯುವ ನೀಟ್‌ನವರು. ಬಯಾಲಜಿ ಶುರುವಾದರೆ ಸಿಇಟಿ ಗುಂಪು ಎದ್ದು ಕಾರಿಡಾರಿಗೆ ಬಂದು ಮ್ಯಾಥ್ಸ್ ಮಾಡಬೇಕು. ರಿಪೀಟ್ ಅಂದ್ರೇನು ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ನೀಟ್‌ಗೆ ಇಷ್ಟೇ ಸಲ ಬರೆಯಬೇಕು ಅಂತ ಮಿತಿ ಇಲ್ಲ, ಮೇಲಿನ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು. ಹಿಂದಿನ ಬೆಂಚಿನಲ್ಲಿ ಒಬ್ಬರಿದ್ದರು, ಅವರ ಜೊತೆ ಪಿಯು ಓದಿದವರು ಆಗಲೇ ಎಂಬಿಬಿಎಸ್ ಮೂರನೇ ವರ್ಷದಲ್ಲಿ. ಎನ್‌ಸಿಇಆರ್‌ಟಿ ಪುಸ್ತಕದ ಯಾವ ಚಿತ್ರ ಯಾವ ಪುಟದಲ್ಲಿದೆ ಅಂತ ಕೇಳಿದರೆ ಸಾಕು, ಪುಸ್ತಕ ತೆರೆಯದೆ ಹೇಳೋರು. ಇನ್ನೊಬ್ಬ ಐಐಟಿ, ಎನ್‌ಐಟಿ ಸೀಟಿಗೆ ಬರೆಯುವ ಜೆಇಇ ಬಿಟ್ಟು ಬಂದಿದ್ದ. ಅಲ್ಲಿ ಬೇರೆ ಲೆಕ್ಕ. ಮೇನ್ಸ್ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತೆ, ಚೆನ್ನಾಗಿ ಬಂದ ಸ್ಕೋರನ್ನೇ ಹಿಡೀತಾರೆ. ಅಡ್ವಾನ್ಸ್‌ಡ್ ಮಾತ್ರ ಸಾಮಾನ್ಯವಾಗಿ ಎರಡು ವರ್ಷ, ಅದೂ ಬೆನ್ನಿಗೆ ಬೆನ್ನು, ಆಮೇಲೆ ಬಾಗಿಲು ಬಂದ್. ಒಂದೇ ದೇಶ, ಒಂದೊಂದು ಪರೀಕ್ಷೆಗೆ ಒಂದೊಂದು ನ್ಯಾಯ. ಆದ್ರೆ ಒಂದು ಒಪ್ಪಬೇಕು, ಈ ನಿಯಮಗಳೆಲ್ಲ ಅರ್ಜಿ ಹಾಕುವ ಮೊದಲೇ ಗೊತ್ತಿರುತ್ತವೆ. ಗೊತ್ತಿದ್ದೇ ಆಟಕ್ಕೆ ಇಳಿತೀವಿ.

ಆ ವರ್ಷದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಓದು, ಮೆಸ್ಸಿನ ಊಟ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು, ಭಾನುವಾರ ಟೆಸ್ಟು. ಅರ್ಧ ಸಮೀಕರಣಗಳು ಪೂರ್ತಿ ಆದವು, ಅಷ್ಟೇ.

ಅದೇ ಹೊತ್ತಿಗೆ ತಂಗಿ ಮಂಡ್ಯದಲ್ಲಿ ಸೆಕೆಂಡ್ ಪಿಯು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರೋದು. ಬಂದಮೇಲೆ ಮುದ್ದೆಗೆ ಎಸರಿಡೋದು, ಕೊಟ್ಟಿಗೆ ಕೆಲಸ, ಆಮೇಲೆ ಓದು. ನಾನು ಯಾವಾಗಲಾದರೂ ಶನಿವಾರ ರೈಲು ಹತ್ತಿ ಊರಿಗೆ ಬಂದಾಗ ನನ್ನ ಕೋಚಿಂಗ್ ಮೆಟೀರಿಯಲ್ ಅವಳಿಗೆ ಕೊಡುತ್ತಿದ್ದೆ. ಅವಳು ಅದರಲ್ಲಿ ತಪ್ಪು ಉತ್ತರ ಅಚ್ಚಾಗಿರೋ ಕಡೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ವಾಪಸ್ ಕೊಡೋಳು. ಕೆಮಿಸ್ಟ್ರಿಯಲ್ಲಿ ನನಗಿಂತ ಅವಳೇ ಮುಂದು.

2022ರ ಜೂನ್ 16, 17ಕ್ಕೆ ಸಿಇಟಿ. ಇಬ್ಬರದ್ದೂ ಮಂಡ್ಯವೇ, ಸೆಂಟರ್ ಬೇರೆ ಬೇರೆ. ಚಿಕ್ಕಪ್ಪನ ಬೈಕಿನಲ್ಲಿ ಅವಳು, ಬಸ್ಸಿನಲ್ಲಿ ನಾನು. ಮಾರನೇ ದಿನವೇ, 18ಕ್ಕೆ, ಅವಳ ಪಿಯು ರಿಸಲ್ಟ್. ಪಿಸಿಎಂ 261. ಅದು ಹಾಲಿನಲ್ಲಿ ಕೂತು ಬರೆದು, ಯಾರೋ ತಿದ್ದಿ, ಬಂದ 261. ನನ್ನ 282ರ ಹಾಗಲ್ಲ. ಆವತ್ತೇ ಅವಳು ನಗುತ್ತಾ, 'ಅಣ್ಣ, ನಿನ್ನ ಮಾರ್ಕ್ಸ್ ಕಾರ್ಡಿಗೆ ಪರೀಕ್ಷೆ ಬರೆದಿದ್ದು ಯಾರು?' ಅಂದಳು. ನಾನೂ ನಕ್ಕೆ.

ಜುಲೈ 30ಕ್ಕೆ ಸಿಇಟಿ ರಿಸಲ್ಟ್. ನನಗೆ 180ಕ್ಕೆ 87, ಅವಳಿಗೆ 84. ಹೆಚ್ಚುಕಮ್ಮಿ ಒಂದೇ. ರ‍್ಯಾಂಕ್ ನೋಡಿದರೆ ಅವಳದ್ದು ಇಪ್ಪತ್ತು ಸಾವಿರದ ಆಸುಪಾಸು, ನನ್ನದು ಲಕ್ಷದ ಆಸುಪಾಸು. ಫೋನು ಹ್ಯಾಂಗ್ ಆಗಿದೆ ಅಂತ ಅವಳ ಫೋನಿನಲ್ಲಿ ನೋಡಿದೆ. ಅದೇ ನಂಬರು. ರೂಮಿನ ಗೆಳೆಯರ ಗ್ರೂಪಿನಲ್ಲಿ ಒಂದರ ಹಿಂದೆ ಒಂದು ಮೆಸೇಜು, ಎಲ್ಲ 2021ರವರದ್ದೂ ಅದೇ ಕಥೆ. ಸಂಜೆ ಹೊತ್ತಿಗೆ ವಿಷಯ ಗೊತ್ತಾಯಿತು. ನಮ್ಮ ಬ್ಯಾಚಿನವರ ಪಿಯು ಮಾರ್ಕ್ಸ್ ಹಿಡಿದಿಲ್ಲ. ನಮಗೆ ಸಿಇಟಿ ಮಾತ್ರ, ಫ್ರೆಶರ್ಸ್‌ಗೆ ಪಿಯು ಅರ್ಧ, ಸಿಇಟಿ ಅರ್ಧ. ಎರಡನ್ನೂ ಸೇರಿಸಿ ಒಂದೇ ಪಟ್ಟಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ಇಲ್ಲಾಂದ್ರೆ ಜಗಳ ಅರ್ಥ ಆಗಲ್ಲ. ಸಿಇಟಿಯಲ್ಲಿ ಶೇ 50 ತೆಗೆಯೋದೇ ಕಷ್ಟ. ಪಿಯುನಲ್ಲಿ ಶೇ 85, 90 ಮಾಮೂಲು. ಅವಳದ್ದು ಪಿಯು ಶೇ 87, ಸಿಇಟಿ ಶೇ 46.67, ಸರಾಸರಿ 66.83. ನನ್ನದು ಬರೀ ಸಿಇಟಿ, 48.33. ಸಿಇಟಿಯಲ್ಲಿ 180ಕ್ಕೆ 60 ತೆಗೆದು ಪಿಯುನಲ್ಲಿ ಶೇ 65 ಬಂದ ಫ್ರೆಶರ್ ಕೂಡ ನನಗಿಂತ ಮುಂದೆ. 2021ರಲ್ಲಿ ಸಿಇಟಿ ಮಾತ್ರ ಹಿಡಿದಾಗ ಎಲ್ಲರೂ ಒಂದೇ ತಕ್ಕಡಿಯಲ್ಲಿದ್ದರು. ಈ ಸಲ ತಕ್ಕಡಿ ಎರಡು, ಪಟ್ಟಿ ಒಂದು. ಅದೂ ಹೋಗಲಿ, ಇದನ್ನು ಅರ್ಜಿ ಹಾಕುವಾಗ ಹೇಳಿದ್ದರೆ ಎಷ್ಟೋ ಜನ ಆ ವರ್ಷ ಕಳೆಯುತ್ತಲೇ ಇರಲಿಲ್ಲ. ಅಪ್ಪ ಸಾಲ ತೆಗೆಯುತ್ತಿರಲಿಲ್ಲ. ನಮಗೆ ಗೊತ್ತಾಗಿದ್ದು ರಿಸಲ್ಟ್ ದಿನ.

ಸುಮಾರು 24 ಸಾವಿರ ರಿಪೀಟರ್ಸ್ ಇದ್ದೆವು ಅಂತ ಪೇಪರಿನಲ್ಲಿ ಬಂತು. ಬೆಂಗಳೂರಿನಲ್ಲಿ ಪ್ರತಿಭಟನೆ, ಮನವಿ, ಟಿವಿ. ನಾನೂ ರೂಮಿನವರ ಜೊತೆ ರೈಲು ಹತ್ತಿ ಹೋದೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಚೇರಿ ಮುಂದೆ ನಿಂತಿದ್ದವರಲ್ಲಿ ಅಪ್ಪಂದಿರೇ ಜಾಸ್ತಿ. ಒಬ್ಬ ಯಜಮಾನರು ಮಗಳ ಮಾರ್ಕ್ಸ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ತಂದಿದ್ದರು. ಸಿಕ್ಕ ಸಿಕ್ಕವರಿಗೆಲ್ಲ ಅದನ್ನ ತೋರಿಸಿ, 'ಸರ್ಕಾರವೇ ಕೊಟ್ಟ ಕಾರ್ಡು ಸ್ವಾಮಿ, ಈಗ ಸರ್ಕಾರವೇ ಲೆಕ್ಕಕ್ಕಿಲ್ಲ ಅಂತದೆ' ಅನ್ನುತ್ತಿದ್ದರು. ಒಳಗಿನಿಂದ ಬಂದ ಉತ್ತರ ಒಂದೇ: ಪರೀಕ್ಷೆ ಇಲ್ಲದೆ ಕೊಟ್ಟ ಮಾರ್ಕ್ಸ್ ಹಿಡಿದರೆ ಈ ವರ್ಷದ ಮಕ್ಕಳಿಗೆ ಅನ್ಯಾಯ.

ಸಿಟ್ಟು ಬಂದಿದ್ದು ನಿಜ, ಆದ್ರೆ ಆ ಮಾತನ್ನ ಸುಳ್ಳು ಅನ್ನೋಕೂ ಆಗಲ್ಲ. ಯಾಕಂದ್ರೆ ಆ 'ಈ ವರ್ಷದ ಮಕ್ಕಳು' ನಮ್ಮ ಹಟ್ಟಿಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಊರಿಗೆ ಬಂದು, 'ರಿಪೀಟರ್ಸ್ ಕೋರ್ಟಿಗೆ ಹೋಗಿದ್ದಾರಂತೆ' ಅಂದೆ. ಅವಳು ಕಾಯಿ ಸುಲಿಯೋದು ನಿಲ್ಲಿಸಲಿಲ್ಲ.

'ಗೆಲ್ಲಲಿ ಬಿಡಣ್ಣ. ನಿಂಗೆ 282 ಸಿಗುತ್ತೆ. ಹತ್ತನೇ ಕ್ಲಾಸಲ್ಲಿ ಚೆನ್ನಾಗಿ ಓದಿದ್ದಕ್ಕೆ ಇಂಜಿನಿಯರಿಂಗ್ ಸೀಟು.'

'ಪರೀಕ್ಷೆ ಬೇಡ ಅಂದಿದ್ದು ನಾನಲ್ವಲ್ಲ.'

'ನಾನೂ ಅಲ್ಲ. ಒಂದು ಕೇಳ್ತೀನಿ. ಈ ಸಲ ನನ್ನ ರ‍್ಯಾಂಕು ನಿನ್ನ ಥರ ಬಂದಿದ್ರೆ, ನಿಂಗೆ ಕೊಟ್ಟ ಹಾಗೆ ನಂಗೂ ಒಂದು ವರ್ಷ ಕೊಡ್ತಿದ್ರಾ? ಮೈಸೂರಲ್ಲಿ ರೂಮು ಮಾಡಿಕೊಡ್ತಿದ್ರಾ?'

ಚಿಕ್ಕಮ್ಮ ಒಳಗಿಂದ 'ಸಾಕು ಸುಮ್ನಿರೇ' ಅಂದರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಸೀಟು ಸಿಗದಿದ್ದರೆ ಮಂಡ್ಯದಲ್ಲೇ ಬಿಎಸ್ಸಿ, ಅದು ಮುಗಿಯೋ ಮೊದಲೇ ಗಂಡು ನೋಡೋದು. ಅಜ್ಜಿ ಅಂತೂ ಆಗಲೇ ಎಣಿಕೆ ಶುರು ಮಾಡಿದ್ದರು.

ರಿಪೀಟ್ ಮಾಡೋದು ಸರೀನಾ ತಪ್ಪಾ ಅಂತ ಮಾತಾಡುವವರು ಸಾಮಾನ್ಯವಾಗಿ ಪರೀಕ್ಷೆಯ ಬಗ್ಗೆ ಮಾತ್ರ ಮಾತಾಡ್ತಾರೆ. ಎರಡನೇ ಸಲ ಬರೆದವನಿಗೆ ಅನುಭವ ಜಾಸ್ತಿ, ಅವನಿಂದ ಮಾರ್ಕ್ಸ್ ಕಳೀಬೇಕು ಅಂತ ಒಬ್ಬರು. ಓದಿದ್ದಾನೆ, ಬರೆದಿದ್ದಾನೆ, ಬಂದಿದೆ, ಮತ್ತೇನು ಅಂತ ಇನ್ನೊಬ್ಬರು. ನಾನು ಎರಡನೇ ಕಡೆಯವನೇ, ಈಗಲೂ. ಜೂನ್ ತಿಂಗಳ ಒಂದು ಬೆಳಗ್ಗೆ ಜ್ವರ ಬಂದರೆ, ಬಸ್ಸು ಕೆಟ್ಟು ನಿಂತರೆ, ಇಡೀ ಬದುಕಿನ ದಾರಿ ಬದಲಾಗಬೇಕು ಅನ್ನೋದು ಯಾವ ನ್ಯಾಯ? ಮತ್ತೆ ಬರೆಯೋಕೆ ಬಿಡಲೇಬೇಕು. ಆದ್ರೆ ಮತ್ತೆ ಬರೆಯೋ ಅವಕಾಶ ಕಾಗದದ ಮೇಲೆ ಎಲ್ಲರಿಗೂ ಇದ್ದರೂ ಮನೆಯಲ್ಲಿ ಎಲ್ಲರಿಗೂ ಇಲ್ಲ. ನಮ್ಮ ಹಟ್ಟಿಯಲ್ಲಿ ಇದ್ದಿದ್ದು ಒಂದು ವರ್ಷ, ಅದು ಗಂಡು ಹುಡುಗನಿಗೆ ಹೋಯಿತು. ಯಾವ ಕೋರ್ಟಿಗೆ ಹೋದರೂ ಅದಕ್ಕೆ ಸೂತ್ರ ಸಿಗಲ್ಲ.

ಸೆಪ್ಟೆಂಬರ್ 3ಕ್ಕೆ ಹೈಕೋರ್ಟ್ ಏಕಸದಸ್ಯ ಪೀಠ ನಮ್ಮ ಕಡೆ ತೀರ್ಪು ಕೊಟ್ಟಿತು. ನಿಯಮದಲ್ಲಿ ಅರ್ಧ ಅರ್ಧ ಅಂತಿದೆ, ಹಾಗೇ ಮಾಡಿ, 2021ರವರ ಪಿಯು ಮಾರ್ಕ್ಸೂ ಹಿಡಿಯಿರಿ ಅಂತ. ನಮ್ಮ ರೂಮಿನಲ್ಲಿ ಮೈಸೂರ್ ಪಾಕ್ ಹಂಚಿದರು. ಊರಲ್ಲಿ ಯಾರೂ ಏನೂ ಹಂಚಲಿಲ್ಲ. ಆಮೇಲೆ ಸರ್ಕಾರ ಮೇಲ್ಮನವಿ ಹಾಕಿತು, ಸೀಟು ಹಂಚುವ ಕೌನ್ಸೆಲಿಂಗ್ ನಿಂತೇಹೋಯಿತು, ಎರಡು ಕಡೆಯವರಿಗೂ ಒಂದೇ ಚಿಂತೆ, ಕಾಲೇಜು ಯಾವಾಗ ಅಂತ. ಅದೇ ತಿಂಗಳ ಕೊನೆ ಹೊತ್ತಿಗೆ ವಿಭಾಗೀಯ ಪೀಠದ ಮುಂದೆ ಒಂದು ಸೂತ್ರ ಬಂತು: 2021ರವರ ಪಿಯು ಮಾರ್ಕ್ಸ್ ಹಿಡಿಯೋದು, ಆದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಒಂದೊಂದರಲ್ಲೂ 100ಕ್ಕೆ ಸರಾಸರಿ 6 ಕಡಿಮೆ ಮಾಡಿ. ಕೋರ್ಟ್ ಒಪ್ಪಿತು.

ತಂಗಿಯೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ನನ್ನ 282ರಲ್ಲಿ 18 ಹೋದರೆ 264, ಅಂದ್ರೆ ಶೇ 88. ಅದರ ಅರ್ಧ 44. ಸಿಇಟಿ ಅರ್ಧ 24.17. ಒಟ್ಟು 68.17. ಕಳೆಯದೇ ಇದ್ದಿದ್ದರೆ 71.17. ಅಂದ್ರೆ ವಿಷಯಕ್ಕೆ 6 ಕಳೆದರೂ ಕೊನೆಗೆ ಬಡಿಯೋದು 3 ಮಾತ್ರ. 'ನೋಡು, ಇನ್ನೂ ನನ್ನ ಮೇಲೇ ಇದ್ದೀಯ' ಅಂತ ಪೆನ್ನಿನಿಂದ 66.83ಕ್ಕೆ ಒಂದು ಸುತ್ತು ಹಾಕಿದಳು. ಅಕ್ಟೋಬರ್‌ನಲ್ಲಿ ಹೊಸ ಪಟ್ಟಿ ಬಂತು. ನಾನು ಇಪ್ಪತ್ತು ಸಾವಿರದ ಆಸುಪಾಸಿಗೆ ಏರಿದೆ. ಅವಳು ಎರಡು ಮೂರು ಸಾವಿರ ಕೆಳಗಿಳಿದಳು. ಅವಳು ಇಳಿದಿದ್ದು ನನ್ನಂಥವರು ನಡುವೆ ಬಂದು ಕೂತಿದ್ದರಿಂದ.

ಆ 6 ಎಲ್ಲಿಂದ ಬಂತು, ಯಾಕೆ 4 ಅಲ್ಲ, 10 ಅಲ್ಲ? ಪರೀಕ್ಷೆಯನ್ನೇ ಬರೆಯದವನು ಬರೆದಿದ್ದರೆ ಎಷ್ಟು ತೆಗೀತಿದ್ದ ಅಂತ ಯಾರಿಗೆ ಗೊತ್ತು. ನನ್ನ ಪ್ರಕಾರ ಒಟ್ಟಾರೆ ಅದು ಕೆಟ್ಟ ತೀರ್ಮಾನ ಅಲ್ಲ. ಪಂಚಾಯ್ತಿಯಲ್ಲಿ ಎರಡು ಕಡೆಯವರೂ ಗೊಣಗಿಕೊಂಡು ಎದ್ದು ಹೋಗುವ ಥರದ ತೀರ್ಮಾನ. ಆದ್ರೆ ಅದು ಬರಬೇಕಿದ್ದಿದ್ದು 2022ರ ಅರ್ಜಿ ಕರೆಯುವಾಗ, ಬ್ರೋಷರಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ನಾವೆಲ್ಲ ರಿಪೀಟ್ ಮಾಡ್ತೀವಿ ಅನ್ನೋದೇನು ಗುಟ್ಟಾಗಿತ್ತಾ? ಆಗ ಹೇಳಿದ್ದರೆ ನಾನು 6 ಕಳೆದುಕೊಂಡೇ ಓದುತ್ತಿದ್ದೆ, ಅವಳು ಸರಿಯಾದ ರ‍್ಯಾಂಕನ್ನೇ ಮೊದಲ ದಿನ ನೋಡುತ್ತಿದ್ದಳು. ಒಮ್ಮೆ ಇಪ್ಪತ್ತು ಸಾವಿರ ಅಂತ ತೋರಿಸಿ, ಊರಿಗೆಲ್ಲ ಹೇಳಿದಮೇಲೆ, ಕೆಳಗಿಳಿಸಿದ್ದು ಅವಳಿಗೆ ಜಾಸ್ತಿ ಉರಿದಿದ್ದು.

ಕೌನ್ಸೆಲಿಂಗ್ ಕೆಲಸ ಇಬ್ಬರೂ ಜೊತೆಗೇ ಮಾಡಿದೆವು, ಬೇರೆ ದಾರಿ ಇರಲಿಲ್ಲ, ಲ್ಯಾಪ್‌ಟಾಪ್ ಒಂದೇ. ಇಬ್ಬರದ್ದೂ ಗ್ರಾಮೀಣ ಮೀಸಲಾತಿ ಇತ್ತು, ಕನ್ನಡ ಮಾಧ್ಯಮದ್ದೂ ಇತ್ತು. ಒಂದರಿಂದ ಹತ್ತರವರೆಗೆ ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುಸಹಿ. ನಮ್ಮೂರ ಪ್ರೈಮರಿ ಶಾಲೆಯ ಹೆಡ್‌ಮಿಸ್ ನನ್ನದು ಬರೆದುಕೊಡುವಾಗ 'ಹೋದ ವರ್ಷ ತಾನೆ ಕೊಟ್ಟಿದ್ನಲ್ಲೋ' ಅಂದರು. ಬೇಕಾದ ಕಾಲೇಜುಗಳನ್ನ ಸಾಲಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಅವಳದ್ದು ಮೈಸೂರಿನ ಎನ್‌ಐಇ ಕಂಪ್ಯೂಟರ್ ಸೈನ್ಸ್ ಮೊದಲನೆಯದು. ಅಂತಿಮ ಹಂಚಿಕೆಗೆ ಮೊದಲು ಅಂದಾಜಿಗೆ ತೋರಿಸುವ ಮಾಕ್ ಅಲಾಟ್‌ಮೆಂಟಿನಲ್ಲೇ ಅದು ಸಿಗಲ್ಲ ಅಂತ ಗೊತ್ತಾಯಿತು. ಮೊದಲ ಪಟ್ಟಿಯ ರ‍್ಯಾಂಕಿನಲ್ಲಾದರೆ ಸಿಗುತ್ತಿತ್ತಾ ಅಂತ ಕೇಳಿದರೆ, ಅನುಮಾನವೇ. ಅವಳು ಅನುಮಾನ ಇಲ್ಲ, ಸಿಗುತ್ತಿತ್ತು ಅಂತಾಳೆ. ಕೊನೆಗೆ ಅವಳಿಗೆ ಮೈಸೂರಿನಲ್ಲೇ ಬೇರೆ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್, ನನಗೆ ಮಂಡ್ಯದ ಪಿಇಎಸ್‌ನಲ್ಲಿ ಎಲೆಕ್ಟ್ರಾನಿಕ್ಸ್. ಇಬ್ಬರೂ ಚಾಯ್ಸ್ ಒಂದು, ಅಂದ್ರೆ ಸಿಕ್ಕ ಸೀಟೇ ಸಾಕು ಅಂತ, ಒತ್ತಿದೆವು. ಹೀಗಾಗಿ ಮೈಸೂರಿನ ರೂಮು ಅವಳಿಗೆ ಬಂತು, ಬೆಳಗಿನ ಬಸ್ಸು ನನಗೆ.

ಈಗ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ದಾರೆ, 2024ರಿಂದ. ಅದರಲ್ಲಿ ಯಾವುದು ಚೆನ್ನಾಗಿ ಬಂತೋ ಅದೇ ಮಾರ್ಕ್ಸ್. ಇದನ್ನ ಬೈಯುವವರು ಇದ್ದಾರೆ, ಮಕ್ಕಳಿಗೆ ಓದಿನ ಭಯವೇ ಹೋಯ್ತು ಅಂತ. ನನಗೆ ಇದು ಇಷ್ಟ. ಮತ್ತೆ ಬರೆಯೋಕೆ ಕಬ್ಬಿನ ಬಿಲ್ಲು ಬೇಡ, ರೂಮು ಬೇಡ, ಮನೆಯವರ ಒಪ್ಪಿಗೆ ಕೂಡ ಹೆಚ್ಚೇನು ಬೇಡ, ಅದೇ ಬಸ್ಸಿನಲ್ಲಿ ಹೋಗಿ ಬರೆದು ಬರಬಹುದು. ತಂಗಿಯ ಮಾತು ಹೇಳಬೇಕಂದ್ರೆ, ಸಿಇಟಿಗೂ ಹೀಗೇ ಮಾಡಲಿ ಅನ್ನೋದು ಅವಳ ವಾದ. ಜೆಇಇ ಮೇನ್ಸ್‌ಗೆ ಆಗೋದು ಇದಕ್ಕೆ ಯಾಕಾಗಲ್ಲ ಅಂತಾಳೆ. ಪ್ರಶ್ನೆಪತ್ರಿಕೆ ಬೇರೆ ಬೇರೆ ಆದರೆ ಮಾರ್ಕ್ಸ್ ಸರಿದೂಗಿಸೋಕೆ ಮತ್ತೆ ಒಂದು ಸೂತ್ರ, ಮತ್ತೆ ಕೋರ್ಟು ಅಂತ ನಾನು. ಅವಳ ತಮ್ಮ ಈಗ ಫಸ್ಟ್ ಪಿಯು. ಅವನು ಮಾತ್ರ ಇವೆರಡನ್ನೂ ಕೇಳಿಸಿಕೊಂಡು, ನೀಟ್ ತಗೋತೀನಿ, ಎಷ್ಟು ಸಲ ಬೇಕಾದರೂ ಬರೀಬಹುದಂತೆ ಅಂತ ಚಿಕ್ಕಪ್ಪನ ಹತ್ತಿರ ಹೇಳಿಬಿಟ್ಟಿದ್ದಾನೆ.